ಟರ್ಬೋ ಕೆಟ್ಟಿರಲಿಲ್ಲ: ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಗ್ಯಾರೇಜಿನ ಬಗ್ಗೆ

ನವೆಂಬರ್ ಕೊನೆಯ ವಾರ. ಗದಗಿನಿಂದ ಹುಬ್ಬಳ್ಳಿಗೆ ಹೊರಟಿದ್ದೆ. ಅಣ್ಣಿಗೇರಿ ದಾಟಿದ ಮೇಲೆ ಮುಂದೆ ಹತ್ತಿ ಹೇರಿಕೊಂಡ ಟ್ರ್ಯಾಕ್ಟರ್ ಸಿಕ್ಕಿತು. ಇಂಡಿಕೇಟರ್ ಹಾಕಿ, ಆಕ್ಸಿಲರೇಟರ್ ಒತ್ತಿ ಬಲಕ್ಕೆ ಬಂದೆ. ಟ್ರ್ಯಾಕ್ಟರಿನ ಪಕ್ಕಕ್ಕೆ ಬರುವಷ್ಟರಲ್ಲಿ ಕಾರಿನ ಪಿಕಪ್ ಒಮ್ಮೆಲೇ ಬಿದ್ದುಹೋಯಿತು. ಪೆಡಲ್ ತಳ ಮುಟ್ಟಿದರೂ ಗಾಡಿ ಎಳೆಯಲಿಲ್ಲ. ಮೀಟರಿನಲ್ಲಿ ಹಳದಿ ಚೆಕ್ ಲೈಟ್ ಹತ್ತಿತು. ಹಿಂದಿನ ಲಾರಿ ಹಾರ್ನ್ ಹಾಕುತ್ತಾ ಮೈಮೇಲೇ ಬಂದಂತಾಯಿತು. ಹೇಗೋ ಎಡಕ್ಕೆ ಸರಿದು ರಸ್ತೆ ಬದಿಗೆ ನಿಲ್ಲಿಸಿದೆ. ಕೈ ನಡುಗುತ್ತಿತ್ತು.

ಎಂಜಿನ್ ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದೆ. ಏನೂ ಆಗಿಲ್ಲವೆಂಬಂತೆ ಗಾಡಿ ಓಡಿತು. ಈ ರೋಗದ ಕೆಟ್ಟ ಗುಣವೇ ಅದು. ಮೆಕ್ಯಾನಿಕ್ ಮುಂದೆ ನಿಲ್ಲಿಸಿದಾಗ ಸುಮ್ಮನಿರುತ್ತದೆ, ಹೆದ್ದಾರಿಯಲ್ಲಿ ಕೈ ಕೊಡುತ್ತದೆ.

ನಾನು ಬೆಟಗೇರಿಯವಳು. ಕೈಮಗ್ಗದ ಸೀರೆ ವ್ಯಾಪಾರ ನಮ್ಮದು. ವಾರಕ್ಕೆ ಎರಡು ಸಲ ಡಿಕ್ಕಿ ತುಂಬ ಸೀರೆ ಗಂಟು ಹಾಕಿಕೊಂಡು ಹುಬ್ಬಳ್ಳಿಗೆ ಹೋಗಿ ಬರುತ್ತೇನೆ. ಗಾಡಿ ಓಡಿಸುವುದು ನಾನೇ. 2015ರ ಡೀಸೆಲ್ ಕಾರು, 1.3 ಲೀಟರ್ ಟರ್ಬೋ ಎಂಜಿನ್. ಟರ್ಬೋ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತಳ್ಳುವ ಭಾಗ. ಈಗ 1,38,000 ಕಿ.ಮೀ. ಓಡಿದೆ. ಇದು ನಿಂತರೆ ನಮ್ಮ ವ್ಯಾಪಾರವೂ ನಿಲ್ಲುತ್ತದೆ. ಹಾಗಾಗಿ ಈ ಗ್ಯಾರೇಜ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಟರ್ಬೋ ಕಾರು ಇರುವವರು ನಮ್ಮ ಕಡೆ ಜಾಸ್ತಿ ಆಗಿದ್ದಾರೆ. ಯಾರಿಗಾದರೂ ಉಪಯೋಗ ಆಗಲಿ.

ಇಲ್ಲಿಗೆ ಬರುವ ಮೊದಲು ಎರಡು ಕಡೆ ಹೋಗಿದ್ದೆ. ಹೆಸರು ಬೇಡ. ಒಂದು ಕಡೆ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ ನೋಡಿ, "ಟರ್ಬೋ ಬೂಸ್ಟ್ ಎರರ್ ಬಂದಿದೆ ಮೇಡಂ, ಟರ್ಬೋ ಹೋಗಿದೆ" ಎಂದರು. 46,000 ರೂಪಾಯಿ ಎಸ್ಟಿಮೇಟ್ ಕೊಟ್ಟರು. ಬಾನೆಟ್ ತೆಗೆದದ್ದು ಕೂಡ ಇಲ್ಲ. ಇನ್ನೊಂದು ಕಡೆ, "ಟರ್ಬೋ ಅಲ್ಲ, ಸೆನ್ಸರ್" ಎಂದು ಬೂಸ್ಟ್ ಪ್ರೆಶರ್ ಸೆನ್ಸರ್ (ಟರ್ಬೋ ತಳ್ಳುವ ಗಾಳಿಯ ಒತ್ತಡ ಅಳೆಯುವ ಭಾಗ) ಹೊಸದು ಹಾಕಿದರು. ಕೂಲಿ ಸೇರಿ 2,850 ಆಯಿತು. ಕೋಡ್, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಂಡ ತೊಂದರೆಯ ನಂಬರ್, ಅಳಿಸಿ ಕಳಿಸಿದರು. ಎರಡು ವಾರ ಗಾಡಿ ಚೆನ್ನಾಗಿ ಓಡಿತು. ಆಮೇಲೆ ಹುಲಕೋಟಿ ಹತ್ತಿರ ಮತ್ತೆ ಅದೇ ಕಥೆ. ಪಿಕಪ್ ಇಲ್ಲ, ಹಳದಿ ಲೈಟ್.

ಆ ದಿನ ದುರ್ಗದಬೈಲಿನ ಸೀರೆ ಅಂಗಡಿಯಲ್ಲಿ ಗಂಟು ಇಳಿಸುವಾಗ ಅಂಗಡಿಯ ಅಣ್ಣಾರು ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಹೇಳಿದೆ. "ಗೋಕುಲ ರೋಡಿನಾಗ ಒಬ್ರು ಉಸ್ತಾದ್ ಅದಾರ್ರೀ. ಮೊದಲ ನೋಡತಾರ, ಆಮ್ಯಾಲೆ ಬಿಚ್ಚತಾರ. ಅವರ ಕಡೆ ಹೋಗ್ರಿ" ಎಂದು ದಾರಿ ಹೇಳಿದರು.

ಗೋಕುಲ ರಸ್ತೆಯಿಂದ ಒಳಗೆ ಒಂದು ಗಲ್ಲಿ. ಮೇಲೆ ತಗಡಿನ ಶೆಡ್, ಒಳಗೆ ಮೂರು ಕಾರು ನಿಲ್ಲುವಷ್ಟು ಜಾಗ. ಬೋರ್ಡ್ ಇಲ್ಲ. ಇಬ್ಬರು ಹುಡುಗರು ಕೆಲಸಕ್ಕಿದ್ದಾರೆ. ಉಸ್ತಾದರಿಗೆ ಐವತ್ತೈದರ ಮೇಲೆ ವಯಸ್ಸಿರಬೇಕು. ಕನ್ನಡಕ ಹಣೆಯ ಮೇಲೆ ಇರುತ್ತದೆ, ಮೀಟರ್ ನೋಡುವಾಗ ಮಾತ್ರ ಕೆಳಗೆ ಬರುತ್ತದೆ.

ಅವರು ಮೊದಲು ಕಾರು ಮುಟ್ಟಲಿಲ್ಲ. ಸ್ಟೂಲ್ ಎಳೆದು ಕೂತು ಪ್ರಶ್ನೆ ಕೇಳಿದರು. ಯಾವಾಗ ಶುರುವಾಯಿತು? ಯಾವ ಗೇರಿನಲ್ಲಿ? ಎಂಜಿನ್ ಬಿಸಿ ಇದ್ದಾಗಲೋ, ತಣ್ಣಗಿದ್ದಾಗಲೋ? ಕಪ್ಪು ಹೊಗೆ ಬರುತ್ತದಾ? ಸೀಟಿ ಹೊಡೆದಂತೆ ಸದ್ದು ಕೇಳಿತಾ? ಎಣ್ಣೆ ಕಡಿಮೆ ಆಗುತ್ತದಾ? ಬಂಪ್ ಹಾರಿದಾಗ ಹೀಗಾಗಿದ್ದುಂಟಾ? ಕೊನೆಗೆ, "ಈ ತೊಂದರೆ ಬರೋಕ್ಕಿಂತ ಮುಂಚೆ ಗಾಡಿಗೆ ಏನೇನ್ ಕೆಲಸ ಮಾಡಿಸಿದ್ರಿ ಅಕ್ಕಾರ?"

ಆಯಿಲ್ ಬದಲಿಸಿದ್ದು, ಟೈರ್ ಹಾಕಿಸಿದ್ದು ಹೇಳಿದೆ. ದಸರಾದ ಆಯುಧ ಪೂಜೆಗೆ ಗಾಡಿ ತೊಳೆಸಿದ್ದನ್ನೂ ಹೇಳಿದೆ. "ಬಾನೆಟ್ ಒಳಗೂ ನೀರು ಹೊಡದ್ರೇನ್ರಿ?" ಎಂದರು. ಹೌದು, ಪ್ರೆಶರ್ ನೀರು ಹೊಡೆದು ಎಂಜಿನ್ ಫಳಫಳ ಅನ್ನಿಸಿದ್ದರು. ಉಸ್ತಾದ್ ಏನೂ ಹೇಳದೆ ತಲೆಯಾಡಿಸಿದರು.

ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪಿ0238. ಈ ಒಂದು ಕೋಡನ್ನು ಅವರು ಬಿಡಿಸಿ ಹೇಳಿದ ರೀತಿಗೇ ನಾನು ಐದಕ್ಕೆ ಐದು ಕೊಡುತ್ತೇನೆ. ಟರ್ಬೋ ಗಾಳಿ ಕಡಿಮೆ ಕೊಟ್ಟರೆ ಬರುವ ಕೋಡ್ ಬೇರೆ, ಅದು ಪಿ0299. ಗಾಳಿ ನಿಜವಾಗಿಯೂ ಹೆಚ್ಚಾದರೆ ಬರುವುದು ಪಿ0234. ನನ್ನ ಕಾರಿನಲ್ಲಿ ಬಂದಿದ್ದು ಇವೆರಡೂ ಅಲ್ಲ. ಪಿ0238 ಅಂದರೆ ಬೂಸ್ಟ್ ಸೆನ್ಸರ್ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಮಿತಿಗಿಂತ ಜಾಸ್ತಿ ಕಾಣುತ್ತಿದೆ ಎಂದು. "ಇದು ಕರೆಂಟಿನ ಮಾತ್ರೀ, ಗಾಳಿ ಮಾತಲ್ಲ. ಟರ್ಬೋಕ್ಕ ಏನಾಗೈತಿ ಅಂತ ಈ ಕೋಡ್ ಹೇಳಾಂಗಿಲ್ಲ" ಎಂದರು. ಮೊದಲನೇ ಕಡೆ ಕೂಡ ಇದೇ ಕೋಡ್ ಬಂದಿತ್ತು. ಚೀಟಿ ನನ್ನ ಪರ್ಸಿನಲ್ಲೇ ಇತ್ತು. ಅದರ ಮೇಲೆ ಟರ್ಬೋ ಅಂತ ಇರುವುದನ್ನು ಓದಿ 46,000ದ ಲೆಕ್ಕ ಹಾಕಿದ್ದರು.

ಟರ್ಬೋ ಹೇಗೆ ಕೆಲಸ ಮಾಡುತ್ತದೆ ಎಂದು ನನಗೆ ಅಲ್ಲಿಯವರೆಗೆ ಸರಿಯಾಗಿ ಗೊತ್ತಿರಲಿಲ್ಲ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತದೆ. ಅದು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತಳ್ಳುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಇಂಟರ್‌ಕೂಲರ್ ಅದನ್ನು ತಣ್ಣಗೆ ಮಾಡುತ್ತದೆ. ದಾರಿಯಲ್ಲಿ ಕೂತ ಬೂಸ್ಟ್ ಸೆನ್ಸರ್ ಗಾಳಿಯ ಒತ್ತಡ ಎಷ್ಟಿದೆ ಎಂದು ಕಾರಿನ ಕಂಪ್ಯೂಟರಿಗೆ ಹೇಳುತ್ತದೆ. ಎಷ್ಟು ಡೀಸೆಲ್ ಬಿಡಬೇಕು ಅನ್ನುವುದಕ್ಕೆ ಆ ಲೆಕ್ಕವೂ ಬೇಕು. ಲೆಕ್ಕ ನಂಬುವಂತಿಲ್ಲ ಅನಿಸಿದರೆ ಕಂಪ್ಯೂಟರ್ ಡೀಸೆಲ್ ಕಡಿಮೆ ಮಾಡಿಬಿಡುತ್ತದೆ. ಎಂಜಿನ್ ಹಾಳಾಗದಿರಲಿ ಎಂದು ಅದು ಮಾಡುವ ಉಪಾಯ. ನಮಗೆ ಮಾತ್ರ ಪಿಕಪ್ ಹೋಗುತ್ತದೆ.

ಕೋಡ್ ಬಿದ್ದ ಆ ಗಳಿಗೆಯಲ್ಲಿ ಏನೇನಿತ್ತು ಅನ್ನುವುದನ್ನೂ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ. ಅದನ್ನೂ ತೆಗೆದು ತೋರಿಸಿದರು. ವೇಗ 78, ಎಂಜಿನ್ 2,350 ಆರ್‌ಪಿಎಂ, ಗಾಳಿ ಒತ್ತಡ 255 ಕಿಲೋಪಾಸ್ಕಲ್. ಈ ಸ್ಕ್ಯಾನರ್ ಲೆಕ್ಕ 255ಕ್ಕೆ ನಿಲ್ಲುತ್ತದಂತೆ, ಅದಕ್ಕಿಂತ ಮೇಲೆ ತೋರಿಸಲು ಬರುವುದಿಲ್ಲ. ನನ್ನ ಕಾರಿನ ಸಣ್ಣ ಟರ್ಬೋ ಅಷ್ಟು ಗಾಳಿ ಕೊಡುವುದಿಲ್ಲ. ಅಂದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ. ಸೆನ್ಸರ್ ಹೊಸದು. ಹಾಗಾದರೆ ಯಾರು?

ಇಲ್ಲಿ ನನ್ನ ಮಗನ ವಿಷಯ ಹೇಳಬೇಕು. ಅವನು ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ. ಆನ್‌ಲೈನಿನಲ್ಲಿ ಬ್ಲೂಟೂತ್ ಸ್ಕ್ಯಾನರ್ ತರಿಸಿ ಮನೆಯಲ್ಲೇ ನೋಡಿದ್ದ. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿದರೆ ಸೆನ್ಸರ್ 101 ತೋರಿಸಬೇಕು ಎಂದು ಎಲ್ಲೋ ಓದಿದ್ದ. ನಮ್ಮದು 94 ತೋರಿಸುತ್ತಿತ್ತು. ಹೊಸ ಸೆನ್ಸರೂ ಕೆಟ್ಟದ್ದೇ ಕೊಟ್ಟಿದ್ದಾರೆ ಎಂದು ಬೇಜಾರು ಮಾಡಿಕೊಂಡಿದ್ದ. ಅದನ್ನು ಉಸ್ತಾದರಿಗೆ ಹೇಳಿದೆ. "ಹುಡುಗ ಛಲೋ ನೋಡ್ಯಾನ್ರೀ. 101 ಅನ್ನೋದು ಸಮುದ್ರದ ದಂಡಿ ಲೆಕ್ಕ. ಗಾಡಿ ಕಾರವಾರಕ್ಕ ಒಯ್ರಿ, ಅಲ್ಲಿ 101 ಬರತೈತಿ. ನಾವು ಇರೋದು ಆರುನೂರು ಮೀಟರಿಗಿಂತ ಮ್ಯಾಲೆ. ಇಲ್ಲಿ 94 ಬಂದ್ರ ಅದು ಖರೇ ಲೆಕ್ಕ" ಎಂದರು.

ಎಷ್ಟು ಸರಳ ಮಾತು! ಎಂಜಿನ್ ನಿಂತಿದ್ದಾಗ ಒಳಗಿನ ಗಾಳಿಯೂ ಹೊರಗಿನ ಗಾಳಿಯೂ ಒಂದೇ. ಕಾರಿನ ಕಂಪ್ಯೂಟರಿನಲ್ಲಿ ಹೊರಗಿನ ಗಾಳಿಯ ಒತ್ತಡ ಬೇರೆ ಸಾಲಿನಲ್ಲಿ ಕಾಣುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಆಯಿತು. ಎರಡೂ ಹತ್ತಿರ ಹತ್ತಿರ ಇದ್ದರೆ ಆ ಗಳಿಗೆಯಲ್ಲಿ ಸೆನ್ಸರ್ ನಿಜ ಹೇಳುತ್ತಿದೆ. ನನ್ನ ಕಾರಿನಲ್ಲಿ ಹೊರಗಿನ ಗಾಳಿ 94, ಸೆನ್ಸರ್ 94. ಅದೇ ದಿನ ಮಗನಿಗೆ ಫೋನ್ ಮಾಡಿ ಹೇಳಿದೆ. ಖುಷಿಪಟ್ಟ. ಧಾರವಾಡಕ್ಕೆ ಹೋದರೆ ಇನ್ನೊಂದು ಕಡಿಮೆ ಬರುತ್ತದಾ ನೋಡುತ್ತೇನೆ ಎಂದ. ಧಾರವಾಡ ಇನ್ನೂ ಎತ್ತರದಲ್ಲಿದೆ ಅಲ್ವಾ.

ಆಮೇಲೆ ಉಸ್ತಾದ್ ಬಾನೆಟ್ ಎತ್ತಿದರು. ಟರ್ಬೋದಿಂದ ಎಂಜಿನ್‌ವರೆಗಿನ ಪೈಪುಗಳನ್ನೆಲ್ಲ ಕೈಯಿಂದ ಸವರಿ ನೋಡಿದರು. ಕಡಿಮೆ ಪ್ರೆಶರಿನ ಗಾಳಿ ಬಿಟ್ಟು, ಜೋಡಣೆಗಳ ಮೇಲೆ ಸೋಪಿನ ನೀರು ಹಚ್ಚಿದರು. ಇಂಟರ್‌ಕೂಲರ್ ಹತ್ತಿರದ ಒಂದು ಕ್ಲಿಪ್ ಸ್ವಲ್ಪ ಸಡಿಲ ಇತ್ತು, ಸಣ್ಣ ಗುಳ್ಳೆ ಎದ್ದವು. ಬಿಗಿ ಮಾಡಿದರು. "ಸಿಕ್ತಲ್ಲ" ಎಂದು ನಾನು ಎದ್ದು ನಿಂತೆ. "ಇದಲ್ರೀ ಅಕ್ಕಾರ. ಗಾಳಿ ಸೋರಿದ್ರ ಲೆಕ್ಕ ಕಡಿಮೆ ಬರಬೇಕು. ನಮಗ ಜಾಸ್ತಿ ಬರಾಕತ್ತೈತಿ" ಎಂದು ಮುಂದಕ್ಕೆ ಹೋದರು. ಬೇರೆಯವರಾಗಿದ್ದರೆ ಅಲ್ಲಿಗೇ ನಿಲ್ಲಿಸಿ ದುಡ್ಡು ತೆಗೆದುಕೊಳ್ಳುತ್ತಿದ್ದರು ಅನಿಸಿತು.

ಸೆನ್ಸರ್ ಬಿಚ್ಚಿದರು. ಹೆಬ್ಬೆರಳಿನ ಗಾತ್ರದ ವಸ್ತು. ಎರಡು ವಾರದಲ್ಲೇ ಅದರ ಮೂತಿಗೆ ತೆಳುವಾಗಿ ಕಪ್ಪು ಹತ್ತಿತ್ತು. ಡೀಸೆಲ್ ಎಂಜಿನ್ನಿನಲ್ಲಿ ಹೊಗೆಯ ಒಂದು ಪಾಲು ಮತ್ತೆ ಗಾಳಿಯ ದಾರಿಗೆ ಬರುತ್ತದೆ. ಅದರ ಮಸಿ ಎಣ್ಣೆಯ ಆವಿಯ ಜೊತೆ ಸೇರಿ ಮುದ್ದೆಯಾಗುತ್ತದೆ. ಹೆಚ್ಚಾದರೆ ಸೆನ್ಸರಿನ ತೂತು ಮುಚ್ಚಿ ಲೆಕ್ಕ ತಪ್ಪುತ್ತದೆ. ಎಲೆಕ್ಟ್ರಾನಿಕ್ ಭಾಗಕ್ಕೆಂದೇ ಬರುವ ಸ್ಪ್ರೇಯಿಂದ ಒರೆಸಿದರು. ಹುಡುಗನೊಬ್ಬ ತಂತಿ ಹಾಕಿ ಕೆರೆಯಲು ಹೋದ, ಕೈ ಹಿಡಿದು ನಿಲ್ಲಿಸಿದರು. ಒಳಗೆ ಕೂದಲಿನಂಥ ತೆಳು ಪೊರೆ ಇದೆ, ಚುಚ್ಚಿದರೆ ಮುಗಿಯಿತು ಎಂದು ಅವನಿಗೆ ಸಮಾಧಾನದಿಂದ ಹೇಳಿದರು. ಕಲಿಸುವಾಗ ಬೈಯುವುದಿಲ್ಲ ಅವರು. ಅದೂ ನನಗೆ ಹಿಡಿಸಿತು.

ಕೊನೆಗೆ ಕಪ್ಲರ್, ಅಂದರೆ ಸೆನ್ಸರಿಗೆ ಸಿಕ್ಕಿಸುವ ವೈರಿನ ಸಾಕೆಟ್. ಅದರಲ್ಲಿ ನಾಲ್ಕು ಪಿನ್. ಒಂದಕ್ಕೆ 5 ವೋಲ್ಟ್ ಬರುತ್ತದೆ, ಒಂದು ಅರ್ಥ್, ಒಂದು ಒತ್ತಡದ ಸಿಗ್ನಲ್, ಇನ್ನೊಂದು ಗಾಳಿಯ ಉಷ್ಣತೆಯದ್ದು. ಮೀಟರ್ ಇಟ್ಟು ನೋಡಿದರು. 5 ವೋಲ್ಟಿನ ಜಾಗದಲ್ಲಿ 4.98, ಸರಿ ಇತ್ತು. ಕಪ್ಲರ್ ಸಿಕ್ಕಿಸಿ, ಕೀ ಆನ್ ಮಾಡಿ, ಹಿಂದಿನಿಂದ ಸಣ್ಣ ಸೂಜಿ ತೂರಿಸಿ ಅರ್ಥ್ ಪಿನ್ನಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆದರು. 0.02. ಅದೂ ಸರಿ. 0.05ರ ಒಳಗಿದ್ದರೆ ಚಿಂತೆ ಇಲ್ಲ ಎಂದರು. ಆಮೇಲೆ ಎಡಗೈಯಿಂದ ವೈರನ್ನು ಮೆಲ್ಲಗೆ ಅಲ್ಲಾಡಿಸಿದರು.

0.31.

ಸ್ಕ್ಯಾನರಿನಲ್ಲಿ 94 ಇದ್ದದ್ದು 109 ಆಯಿತು. ಇನ್ನೂ ಸ್ವಲ್ಪ ಬಾಗಿಸಿದರು. ಒಮ್ಮೆಲೇ 255! ಮೂರು ವಾರದಿಂದ ನನ್ನನ್ನು ಹೆದರಿಸುತ್ತಿದ್ದ ಆ ರೋಗ, ನಿಂತ ಕಾರಿನಲ್ಲಿ, ಹಗಲು ಹೊತ್ತಿನಲ್ಲಿ, ನನ್ನ ಕಣ್ಣೆದುರಿಗೇ ಸಿಕ್ಕಿಬಿತ್ತು. ಸತ್ಯ ಹೇಳುತ್ತೇನೆ, ನನಗೆ ಕಣ್ಣಲ್ಲಿ ನೀರು ಬಂತು.

ಕಪ್ಲರ್ ಬಿಚ್ಚಿ ಭೂತಗನ್ನಡಿ ಹಿಡಿದು ತೋರಿಸಿದರು. ಅರ್ಥ್ ಪಿನ್ನಿನ ಬುಡ ಹಸಿರುಗಟ್ಟಿತ್ತು. ಕಪ್ಲರಿನ ರಬ್ಬರ್ ಒಂದು ಮೂಲೆಯಲ್ಲಿ ಮಡಚಿತ್ತು. ದಸರಾಕ್ಕೆ ಹೊಡೆದ ಪ್ರೆಶರ್ ನೀರು ಅಲ್ಲಿಂದ ಒಳಗೆ ಹೋಗಿ ಕೂತಿರಬೇಕು. ನಿಧಾನಕ್ಕೆ ತಾಮ್ರ ತಿಂದಿದೆ. ಕಾರು ಅಲುಗಿದಾಗ ಅರ್ಥ್ ಬಿಟ್ಟುಹೋಗುತ್ತದೆ. ಅರ್ಥ್ ಬಿಟ್ಟರೆ ಸಿಗ್ನಲ್ 5 ವೋಲ್ಟಿನ ಹತ್ತಿರಕ್ಕೆ ಏರುತ್ತದೆ. ಕಂಪ್ಯೂಟರಿಗೆ ಅದು ಭಾರಿ ಒತ್ತಡ ಅಂತ ಕಾಣುತ್ತದೆ. ಹೊಸ ಸೆನ್ಸರ್ ಹಾಕಿದ ಮೇಲೆ ಎರಡು ವಾರ ಸರಿಯಿದ್ದದ್ದು ಯಾಕೆ ಎಂದು ಕೇಳಿದೆ. "ಕಪ್ಲರ್ ತಗದು ಹಾಕಿದಾಗ ಪಿನ್ ಉಜ್ಜಿ ಸ್ವಲ್ಪ ಸ್ವಚ್ಛ ಆಗಿರತೈತ್ರೀ. ಅದಕ್ಕ ಸೆನ್ಸರ್ ಹೊಸದು ಹಾಕಿದ್ದಕ್ಕ ಸರಿ ಆತು ಅಂತ ಅನಸತೈತಿ" ಎಂದರು. ಎರಡನೇ ಕಡೆಯವರೂ ಮೋಸ ಮಾಡಿರಲಿಕ್ಕಿಲ್ಲ. ಗಾಡಿ ಸರಿಹೋದದ್ದನ್ನು ನೋಡಿ ಅವರೂ ನಂಬಿದ್ದಾರೆ.

ನಮ್ಮ ಮನೆಯಲ್ಲಿ ಅತ್ತೆಯ ಕಾಲದಿಂದ ಮಗ್ಗ ಇದೆ. ಹಾಸಿನಲ್ಲಿ ಒಂದು ಎಳೆ ಹರಿದರೆ ಅತ್ತೆ ಮಗ್ಗ ನಿಲ್ಲಿಸಿ, ಬೆರಳು ಆಡಿಸುತ್ತಾ ತುದಿ ಹುಡುಕುತ್ತಿದ್ದರು. ಸಾವಿರಾರು ಎಳೆಗಳ ನಡುವೆ ಆ ಒಂದನ್ನೇ ಹಿಡಿದು ಗಂಟು ಹಾಕುತ್ತಿದ್ದರು. ಉಸ್ತಾದರ ಎಡಗೈ ವೈರಿನ ಮೇಲೆ ಆಡುವುದನ್ನು ನೋಡುವಾಗ ನನಗೆ ಅತ್ತೆಯ ಕೈ ನೆನಪಾಯಿತು.

ಹಳೆಯ ಕಪ್ಲರ್ ಕತ್ತರಿಸಿ ಹೊಸದು ಹಾಕಿದರು. ನಾಲ್ಕೂ ವೈರಿಗೆ ಬೇರೆ ಬೇರೆ ಬೆಸುಗೆ, ಮೇಲೆ ಬಿಸಿ ಮಾಡಿದರೆ ಕುಗ್ಗುವ ಕೊಳವೆ. ಬೆಸುಗೆಗಳನ್ನು ಒಂದೇ ಜಾಗದಲ್ಲಿ ಇಡದೆ ಹಿಂದೆ ಮುಂದೆ ಮಾಡಿದರು. ವೈರ್ ಅಲುಗದಂತೆ ಪಕ್ಕದ ಬ್ರಾಕೆಟಿಗೆ ಕಟ್ಟಿದರು. ನಂತರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ವಿಮಾನ ನಿಲ್ದಾಣದ ಮುಂದೆ ಹಾದು ಬೈಪಾಸ್ ಕಡೆಗೆ ಹೋದರು. ಸ್ಕ್ಯಾನರ್ ನನ್ನ ಕೈಯಲ್ಲಿ. ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಒತ್ತಡ ನುಣ್ಣಗೆ ಏರಿ 198ಕ್ಕೆ ಹೋಯಿತು, ಕಾಲು ತೆಗೆದಾಗ ಹಾಗೆಯೇ ಇಳಿಯಿತು. ಹೊರಗಿನ 94 ಕಳೆದರೆ ಟರ್ಬೋ ಕೊಟ್ಟದ್ದು 104. ಟರ್ಬೋ ಗಟ್ಟಿಮುಟ್ಟಾಗಿದೆ. ಮೂರು ಸಲ ಮಾಡಿ ನೋಡಿದರು, ಮೂರೂ ಸಲ ಹತ್ತಿರ ಹತ್ತಿರ ಅದೇ ಲೆಕ್ಕ.

ಬಿಲ್ಲು: ಪರೀಕ್ಷೆಗೆ 700, ಕಪ್ಲರಿಗೆ 350, ಕೂಲಿ 500. ಒಟ್ಟು 1,550. ಪರೀಕ್ಷೆಗೆ 700 ಜಾಸ್ತಿ ಎಂದು ಕೆಲವರು ಜಗಳ ಮಾಡುತ್ತಾರಂತೆ. ದಯವಿಟ್ಟು ಮಾಡಬೇಡಿ. ನನಗೆ ಆ ಇಡೀ ದಿನದಲ್ಲಿ ಬೆಲೆ ಬಾಳಿದ್ದು ಆ 700 ರೂಪಾಯಿಯ ಕೆಲಸವೇ. ಹುಡುಕುವುದಕ್ಕೆ ದುಡ್ಡು ಕೊಡದಿದ್ದರೆ ಮೆಕ್ಯಾನಿಕ್ ಭಾಗ ಬದಲಿಸಿಯೇ ದುಡಿಯಬೇಕಾಗುತ್ತದೆ. ಅದೂ ನಮ್ಮ ಜೇಬಿನಿಂದಲೇ. ತೆಗೆದ ಹಳೆಯ ಸೆನ್ಸರ್ ನನ್ನ ಹತ್ತಿರವೇ ಇತ್ತು. ಅದನ್ನೂ ತೊಳೆದು, ಕೈಪಂಪಿನಿಂದ ಗಾಳಿ ಕೊಟ್ಟು ನೋಡಿದರು. ಚೆನ್ನಾಗಿಯೇ ಇದೆ. "ಡಿಕ್ಕಿಯೊಳಗ ಇಟ್ಕೋರಿ, ಯಾವಾಗಾದ್ರೂ ಬೇಕಾಗತೈತಿ" ಎಂದು ಕೊಟ್ಟರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಇನ್ನು ತೊಂದರೆಗಳು. ಬೆಳಿಗ್ಗೆ 10.30ಕ್ಕೆ ಹೋದವಳು ಬಿಟ್ಟಾಗ ಸಂಜೆ 4 ದಾಟಿತ್ತು. ಕೂರಲು ಒಂದೇ ಪ್ಲಾಸ್ಟಿಕ್ ಕುರ್ಚಿ. ಹೆಂಗಸರಿಗೆ ಶೌಚಾಲಯ ಇಲ್ಲ. ಇದನ್ನು ಉಸ್ತಾದರಿಗೆ ನೇರವಾಗಿ ಹೇಳಿದ್ದೇನೆ, ಒಂಟಿಯಾಗಿ ಗಾಡಿ ತರುವ ಹೆಂಗಸರು ಈಗ ಜಾಸ್ತಿ. ಪಕ್ಕದ ಮನೆಯ ಅಮ್ಮ ಒಳ್ಳೆಯವರು, ಅವರೇ ಕರೆದು ಚಹಾ ಕೊಟ್ಟರು. ಕೆಲಸ ಮಾಡುವಾಗ ಉಸ್ತಾದ್ ಫೋನ್ ಎತ್ತುವುದಿಲ್ಲ. ಬಿಲ್ಲು ಕೈಬರಹದ್ದು, ಇನ್ಶೂರೆನ್ಸ್ ಕೆಲಸ ಮಾಡುವುದಿಲ್ಲ. 2020ರ ನಂತರದ ಬಿಎಸ್6 ಕಾರುಗಳಲ್ಲಿ ಕೆಲವಕ್ಕೆ ಅವರ ಸ್ಕ್ಯಾನರ್ ಪೂರ್ತಿ ಹೊಂದುವುದಿಲ್ಲ. ನನ್ನ ಮುಂದೆಯೇ ಒಬ್ಬರಿಗೆ "ಇದು ನನ್ನ ಕಡೆ ಆಗಾಂಗಿಲ್ರೀ, ಕಂಪನಿಗೆ ಒಯ್ರಿ" ಎಂದು ಹೇಳಿ ಕಳಿಸಿದರು.

ಹೋಗುವವರು ಚೆಕ್ ಲೈಟ್ ಬಂದಿದ್ದರೆ ಕೋಡ್ ಅಳಿಸಿಕೊಂಡು ಹೋಗಬೇಡಿ. ಅಳಿಸಿದರೆ ಆ ಗಳಿಗೆಯ ಲೆಕ್ಕವೂ ಹೋಗುತ್ತದೆ. ಬ್ಯಾಟರಿ ವೈರ್ ಕೂಡ ಬಿಚ್ಚಬೇಡಿ. ಎಲ್ಲಿ, ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ ಆಯಿತು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಉಸ್ತಾದ್ ಮೊದಲು ಕೇಳುವುದು ಅದನ್ನೇ. ಹೊಗೆ ಬರುತ್ತಿದ್ದರೆ, ಎಣ್ಣೆ ಕಡಿಮೆ ಆಗುತ್ತಿದ್ದರೆ ಓಡಿಸಿಕೊಂಡು ಹೋಗುವುದು ಬೇಡ, ಎಳೆಸಿಕೊಂಡು ಹೋಗಿ.

ಈಗ ಏಪ್ರಿಲ್. ನಾಲ್ಕು ಸಾವಿರ ಕಿ.ಮೀ. ಮೇಲೆ ಓಡಿಸಿದ್ದೇನೆ, ಲೈಟ್ ಮತ್ತೆ ಹತ್ತಿಲ್ಲ. ಮುಂದಿನ ಆಯುಧ ಪೂಜೆಗೆ ಬಾನೆಟ್ ಒಳಗೆ ಒದ್ದೆ ಬಟ್ಟೆಯಿಂದ ನಾನೇ ಒರೆಸುತ್ತೇನೆ. ಉಸ್ತಾದ್ ಹೆಸರು ಹಾಕಬೇಡಿ ಎಂದಿದ್ದಾರೆ. ಈಗಿರುವ ಕೆಲಸವೇ ಮುಗಿಯುತ್ತಿಲ್ಲವಂತೆ. ನಿಜವಾಗಿ ಬೇಕಾದವರು ನನಗೆ ಮೆಸೇಜ್ ಮಾಡಿ, ದಾರಿ ಹೇಳುತ್ತೇನೆ. ಬೆಳಿಗ್ಗೆ 10ಕ್ಕೆ ಮುಂಚೆ ಹೋದರೆ ಅದೇ ದಿನ ನೋಡುತ್ತಾರೆ. ಶುಕ್ರವಾರ ಮಧ್ಯಾಹ್ನ 1ರಿಂದ 2.30ರವರೆಗೆ ನಮಾಜಿಗೆ ಹೋಗಿರುತ್ತಾರೆ, ಆ ಹೊತ್ತಿಗೆ ಹೋಗಬೇಡಿ.